ಭಾರ ಎಲ್ಲಿ ಬೀಳುತ್ತೆ ನೋಡಿಕೋ

ಪ್ರೀತಿಯ ಪುಟ್ಟಿ,

ಹಾಸ್ಟೆಲ್ ಜಿಮ್‌ಗೆ ಸೇರಲಾ ಎಂದು ಕೇಳಿದ್ದೀಯ. ಖಂಡಿತ ಸೇರು. ಎಚ್‌ಎನ್‌ಪಿಪಿ, ಅಂದರೆ ಒತ್ತಡ ಬಿದ್ದರೆ ನರ ಬೇಗ ಸೋಲುವ ಆನುವಂಶಿಕ ತೊಂದರೆ, ಇದೆ ಅಂತ ಮೈ ಬಗ್ಗಿಸದೆ ಕೂರಬೇಕಿಲ್ಲ. ಯಾವ ವ್ಯಾಯಾಮ ಅನ್ನುವುದಕ್ಕಿಂತ ಅದರಲ್ಲಿ ಯಾವ ನರದ ಮೇಲೆ ಎಷ್ಟು ಹೊತ್ತು ಭಾರ ಬೀಳುತ್ತೆ ಅನ್ನುವುದನ್ನು ನೋಡಿಕೋ.

ನಿನ್ನ 17ನೇ ಜೋಡಿ ಕ್ರೋಮೋಸೋಮ್‌ಗಳಲ್ಲಿ ಒಂದರಲ್ಲಿ ಪಿಎಂಪಿ22 ಜೀನ್ ಇರುವ ತುಣುಕೇ ಇಲ್ಲ. ಹಾಗಾಗಿ ನರದ ಮಯಲಿನ್ ಹೊದಿಕೆಗೆ ಬೇಕಾದ ಒಂದು ಪ್ರೋಟೀನು ಕಡಿಮೆ. ಬೇರೆಯವರಿಗೆ ಜೋಮು ಹಿಡಿದು ಬಿಟ್ಟುಹೋಗುವಷ್ಟು ಒತ್ತಡ, ನಿನ್ನ ಕೈಯನ್ನೋ ಪಾದವನ್ನೋ ವಾರಗಟ್ಟಲೆ ಸೋಲಿಸಬಹುದು. 1947ರಲ್ಲಿ ನೆದರ್ಲೆಂಡ್ಸ್‌ನ ವೈದ್ಯ ಡಿ ಯೋಂಗ್ ವರ್ಣಿಸಿದ, ಇದೇ ತೊಂದರೆಯಿದ್ದ ಕುಟುಂಬದಲ್ಲಿ ಪಾದ ಸೋತಿದ್ದು ಮಂಡಿಯೂರಿ ಆಲೂಗಡ್ಡೆ ಅಗೆದಿದ್ದಕ್ಕೆ.

ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ ಬೆರಳಿಟ್ಟು ನೋಡು. ಗುಂಡಗೆ ಮೂಳೆ ಸಿಗುತ್ತೆ. ಅದರ ಬುಡ ಬಳಸಿಕೊಂಡು ಪೆರೋನಿಯಲ್ ನರ ಚರ್ಮದ ಕೆಳಗೇ ಹೋಗುತ್ತೆ. ಕುಕ್ಕರಗಾಲಲ್ಲಿ, ವಜ್ರಾಸನದಲ್ಲಿ, ಕಾಲ ಮೇಲೆ ಕಾಲು ಹಾಕಿ ತುಂಬ ಹೊತ್ತು ಕೂತರೆ ಪೆಟ್ಟು ಬೀಳುವುದು ಅದಕ್ಕೇ. ಆಮೇಲೆ ಪಾದ ಮೇಲೆತ್ತಲಾಗದೆ, ನಡೆಯುವಾಗ ಚಪ್ಪಲಿ ನೆಲಕ್ಕೆ ಪಟಪಟ ಬಡಿಯುತ್ತೆ. ಯೋಗ ತರಗತಿಯಲ್ಲಿ ಜೋಮು ಶುರುವಾದ ತಕ್ಷಣ ಎದ್ದುಬಿಡು, ಸಂಕೋಚ ಬೇಡ.

ಪುಷ್-ಅಪ್‌ನಲ್ಲಿ ಮಣಿಕಟ್ಟು ಹಿಂದಕ್ಕೆ ಮಡಚಿ ಅಲ್ಲಿನ ನರ ಒತ್ತಿಕೊಳ್ಳುತ್ತೆ. ಹಿಡಿಕೆ ಇರುವ ಬಾರ್ ಹಿಡಿದು ಮಣಿಕಟ್ಟು ನೇರ ಇಟ್ಟುಕೋ, ಕಡಿಮೆ ಎಣಿಕೆಯಲ್ಲಿ ನಿಲ್ಲಿಸಿ ನಿಲ್ಲಿಸಿ ಮಾಡು. ಪ್ಲ್ಯಾಂಕ್‌ಗೆ ಮೊಣಕೈ ಅಡಿಗೆ ದಪ್ಪ ಮ್ಯಾಟ್ ಬೇಕು. ಸೈಕಲ್‌ನಲ್ಲಿ ಮೆತ್ತನೆ ಗ್ಲೌಸ್ ಹಾಕಿಕೊಂಡು ಹಿಡಿತ ಆಗಾಗ ಬದಲಿಸು. ಈಜು, ನಡಿಗೆ ಒಳ್ಳೆಯದು.

ನನಗೆ ಹೆಚ್ಚು ಚಿಂತೆ ಟ್ರೆಕ್ಕಿಂಗ್ ಬ್ಯಾಗಿನದು. ಅದರ ಪಟ್ಟಿ ಹೆಗಲಿನ ನರಗಳ ಗೊಂಚಲನ್ನೇ ಅದುಮುತ್ತೆ. ಸೊಂಟದ ಬೆಲ್ಟ್ ಇರುವುದನ್ನೇ ತಗೋ. ಮೊದಲು ಬೆಲ್ಟ್ ಬಿಗಿ ಮಾಡು, ಹೆಗಲ ಪಟ್ಟಿ ಆಮೇಲೆ. ಭಾರ ಸೊಂಟದ ಮೂಳೆ ಮೇಲೆ ಕೂರಬೇಕು.

ಸಾಮಾನ್ಯವಾಗಿ ಇದರಲ್ಲಿ ನೋವೇ ಇರಲ್ಲ. ಅದಕ್ಕೇ ಗಮನಕ್ಕೆ ಬರುವುದು ತಡ. ಮರಗಟ್ಟಿದ ಕೈಯನ್ನು ಸರಿಮಾಡೋಣ ಅಂತ ಇನ್ನೊಂದು ಸೆಟ್ ಹೊಡೆಯಬೇಡ, ಗಟ್ಟಿಯಾಗಿ ತಿಕ್ಕಲೂಬೇಡ. ಒತ್ತಡ ತೆಗೆದು ಆರಾಮ ಕೊಡು. ಬಲ ಕುಗ್ಗಿದ್ದರೆ ನರರೋಗ ತಜ್ಞರ ಹತ್ತಿರ ಹೋಗು. ಮಣಿಕಟ್ಟಿಗೋ ಪಾದಕ್ಕೋ ಆಧಾರ ಕೊಡುವ ಸ್ಪ್ಲಿಂಟ್ ಬೇಕಾಗಬಹುದು. ಬಹುಪಾಲು ಸಲ ದಿನಗಳಿಂದ ತಿಂಗಳುಗಳಲ್ಲಿ ಬಲ ಮರಳುತ್ತೆ. ಪದೇ ಪದೇ ಅದೇ ನರಕ್ಕೆ ಪೆಟ್ಟಾದರೆ ಸ್ವಲ್ಪ ಸೋಲು ಉಳಿದುಬಿಡಬಹುದು.

ಜೀನ್ ಪರೀಕ್ಷೆಯ ವರದಿಯ ಪ್ರತಿ ಇದರ ಜೊತೆ ಇಟ್ಟಿದ್ದೀನಿ. ಮುಂದೆ ಯಾವುದೇ ಆಪರೇಷನ್ ಅಂದರೆ ಅರಿವಳಿಕೆ ವೈದ್ಯರಿಗೆ ಮೊದಲೇ ತೋರಿಸು, ಮೇಜಿನ ಮೇಲೆ ಮೊಣಕೈ, ಮಂಡಿಗೆ ಮೆತ್ತೆ ಇಡುತ್ತಾರೆ.

ನಿನ್ನ
ಅಮ್ಮ