ಖಾಲಿ ಸೆಲ್ ಎಂದು ಸುಮ್ಮನಿರಬೇಡಿ

ಮಾನ್ಯರೇ,

ನಾನು 30 ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದೇನೆ. ತೆಗೆದ ಹಳೇ ಬಟನ್ ಸೆಲ್‌ಗಳನ್ನು ಒಂದು ಡಬ್ಬಿಗೆ ಹಾಕಿ ಮೇಜಿನ ಮೇಲೇ ಬಿಡುತ್ತಿದ್ದೆ. ಹೋದ ತಿಂಗಳು ಎರಡು ವರ್ಷದ ಮೊಮ್ಮಗಳು ಆ ಡಬ್ಬಿ ಮಗುಚಿ, ನಾಣ್ಯದಂಥ ಒಂದು ಸೆಲ್ ಬಾಯಿಗೆ ಹಾಕಿಕೊಂಡಳು. ಪುಣ್ಯಕ್ಕೆ ಅದು ಕೆನ್ನೆಯಲ್ಲಿದ್ದಾಗಲೇ ಮಗಳು ನೋಡಿ ತೆಗೆದಳು. ‘ಖಾಲಿ ಸೆಲ್ ಅಲ್ವಾ, ಏನೂ ಆಗಲ್ಲ’ ಎಂದು ನಾನೇ ಅಂದೆ. ಎಂಥ ತಪ್ಪು ಮಾತು!

ಗಡಿಯಾರ ಓಡಿಸಲಾಗದ ಸೆಲ್‌ನಲ್ಲೂ ಅನ್ನನಾಳ ಸುಡುವಷ್ಟು ಕಸುವು ಉಳಿದಿರುತ್ತದೆ. ಅಲ್ಲಿ ಸಿಕ್ಕಿಕೊಂಡರೆ ಒದ್ದೆ ಚರ್ಮದ ಮೂಲಕ ಕರೆಂಟು ಹರಿಯುತ್ತದೆ. ಮೈನಸ್ ಬದಿಯಲ್ಲಿ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ಆಳವಾದ ಗಾಯ ಆಗಬಹುದು. ಮೇಲೆ 2032 ಎಂದು ಬರೆದಿರುವ ಸೆಲ್ ನೋಡಿ: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, 3 ವೋಲ್ಟ್. ಪುಟ್ಟ ಮಕ್ಕಳ ಗಂಟಲಿನ ಕೆಳಗೆ ಸಿಕ್ಕಿಕೊಳ್ಳುವುದು ಜಾಸ್ತಿ ಈ ಅಳತೆಯದ್ದೇ. ಜೊಲ್ಲು, ಕೆಮ್ಮು, ಊಟ ಬೇಡ ಅನ್ನುವುದು, ಇಷ್ಟೇ ಕಾಣಿಸುವುದರಿಂದ ನೆಗಡಿ ಅಂದುಕೊಂಡು ಬಿಡುತ್ತಾರೆ.

ಆಮೇಲೆ ಇದರ ಬಗ್ಗೆ ಹುಡುಕಿ ಓದಿದೆ. 2018ರಲ್ಲಿ ಅಮೆರಿಕದ ವೈದ್ಯರು ಹಂದಿಮರಿಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಗಿದೆ. ಹಣ್ಣಿನ ರಸ, ಸೋಡಾ ಹೀಗೆ ಹಲವನ್ನು ಪರೀಕ್ಷಿಸಿದರು. ಗಾಯವನ್ನು ಚೆನ್ನಾಗಿ ತಗ್ಗಿಸಿದ್ದು ಜೇನುತುಪ್ಪ ಮತ್ತು ಸುಕ್ರಾಲ್ಫೇಟ್ ಎಂಬ ಔಷಧಿ. ಜೇನು ಸೆಲ್ಲಿಗೆ ಅಂಟಿಕೊಂಡು ಅಡ್ಡ ನಿಲ್ಲುತ್ತದೆ. ಅದರ ಹುಳಿ ಕ್ಷಾರದ ಉರಿಯನ್ನೂ ಇಳಿಸುತ್ತದೆ. ಆ ಮರಿಗಳಿಗೆ ನಾನಂತೂ ಕೈ ಮುಗಿಯುತ್ತೇನೆ.

ಮಗು ಸೆಲ್ ನುಂಗಿದೆ ಅನ್ನಿಸಿದರೆ ಮೊದಲು ಆಸ್ಪತ್ರೆಗೆ ಹೊರಡಬೇಕು, ಎಕ್ಸ್‌ರೇ ಆಗಬೇಕು. ಒಂದು ವರ್ಷ ದಾಟಿದ ಮಗು, ನುಂಗಿ 12 ಗಂಟೆ ಆಗಿಲ್ಲ, ಗುಟುಕರಿಸಲು ಬರುತ್ತದೆ ಎಂದಾದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು, ಹೆಚ್ಚೆಂದರೆ ಆರು ಸಲ. ಜೇನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಅದು ಚಿಕಿತ್ಸೆ ಅಲ್ಲ, ಸೆಲ್ ತೆಗೆಯುವವರೆಗಿನ ತಡೆ ಅಷ್ಟೇ. ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು, ಬೊಟುಲಿಸಂ ಎಂಬ, ನರಗಳ ಬಲ ಕುಂದಿಸುವ ಕಾಯಿಲೆ ಬರುವ ಭಯವಿದೆ. ವಾಂತಿ ಮಾಡಿಸುವುದಂತೂ ಬೇಡವೇ ಬೇಡ.

ಸೆಲ್ ಹಾಕುವ ಆಟಿಕೆ, ರಿಮೋಟ್‌ಗಳ ಮುಚ್ಚಳಕ್ಕೆ ತಯಾರಕರು ಒಂದು ಸ್ಕ್ರೂ ಕೊಡಲಿ. ನನ್ನ ಡಬ್ಬಿ ಈಗ ಕಪಾಟಿನ ಮೇಲ್ತಟ್ಟಿನಲ್ಲಿದೆ, ಬೀಗ ಹಾಕಿದ್ದೇನೆ. ಒಳಗಿನ ಒಂದೊಂದು ಸೆಲ್‌ಗೂ ಎರಡೂ ಬದಿ ಟೇಪ್ ಸುತ್ತಿದ್ದೇನೆ.

– ಗಡಿಯಾರ ರಿಪೇರಿ ಮಾಡುವ ಒಬ್ಬ ಅಜ್ಜ