ಜಿಂಬೋಚೋದ ಆ ಹಿರಿಯರಿಗೆ

ಹಳೆಯ ಪುಸ್ತಕದ ಅಂಗಡಿಗಳು ಸಾಲುಗಟ್ಟಿರುವ ಟೋಕಿಯೋದ ಜಿಂಬೋಚೋದಲ್ಲಿ, ಎಡೊ ಎಂದು ಕರೆಯುತ್ತಿದ್ದ ಹಳೆಯ ಟೋಕಿಯೋ ನಗರದ ನಕ್ಷೆಯೊಂದಕ್ಕೆ ಹಣ ತೆರಲು ಹೊರಟಿದ್ದ ನನ್ನನ್ನು ಮೆಲ್ಲಗೆ ತಡೆದ ಹಿರಿಯರೇ, ಹೆಸರು ಕೇಳುವ ಮೊದಲೇ ತಾವು ಹೊರಟುಹೋದದ್ದರಿಂದ ಇಲ್ಲಿ ಬಹಿರಂಗವಾಗಿ ಕೃತಜ್ಞತೆ ಸಲ್ಲಿಸುತ್ತಿದ್ದೇನೆ.

ಓವಾರಿಯಾ ಪ್ರಕಾಶಕರು 1849ರಿಂದ ಮರದಚ್ಚಿನಲ್ಲಿ ಹೊರತಂದ ‘ಕಿರಿಎಜು’ ಎಂಬ ಬಣ್ಣದ ಬಡಾವಣೆ ನಕ್ಷೆಗಳನ್ನು ವರ್ಷಗಳಿಂದ ಹುಡುಕುತ್ತಿದ್ದ ನಾನು, ಹುಳು ಕೊರೆದ ಗುರುತುಗಳನ್ನು ಕಂಡೊಡನೆ ಆ ಹಾಳೆಯನ್ನು ಅಸಲಿಯೆಂದೇ ನಂಬಿಬಿಟ್ಟಿದ್ದೆ. ತಾವು ವಾದಿಸಲಿಲ್ಲ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿರಿ. ಒಂದು ತೂತಿನಿಂದಲೂ ಬೆಳಕು ತೂರಿ ಬರಲಿಲ್ಲ, ಏಕೆಂದರೆ ಆ ತೂತುಗಳೂ ಮುದ್ರಣದವೇ ಆಗಿದ್ದವು. ಬಳಿಕ ಮತ್ತೊಂದು ಅಸಲಿ ಹಾಳೆಯನ್ನು ಮಗುಚಿ, ಅಚ್ಚಿನ ಮೇಲೆ ಕಾಗದವನ್ನಿಟ್ಟು ಉಜ್ಜಿದ್ದರಿಂದ ಬೆನ್ನಿನವರೆಗೂ ಇಳಿದಿದ್ದ ಬಣ್ಣವನ್ನು ತೋರಿಸಿದಿರಿ.

ನನ್ನ ಹರಕು ಜಪಾನಿ ಭಾಷೆಯನ್ನು ಸಹಿಸಿಕೊಂಡು ತಾವು ಆ ನಕ್ಷೆಯನ್ನು ಓದಲು ಕಲಿಸಿದ್ದು ಅದಕ್ಕಿಂತ ದೊಡ್ಡ ಉಪಕಾರ. ಹೆಸರುಗಳು ಅಡ್ಡಾದಿಡ್ಡಿ ತಿರುಗಿರುವುದು ಕೆತ್ತಿದವರ ಅಚಾತುರ್ಯವೆಂದು ನಾನು ಭಾವಿಸಿದ್ದೆ. ಹೆಸರಿನ ಮೊದಲ ಅಕ್ಷರವಿರುವ ಕಡೆಯೇ ಆ ಮನೆಯ ಹೆಬ್ಬಾಗಿಲು ಎಂದು ತಾವು ಬೆರಳಿಟ್ಟು ತೋರಿಸಿದಿರಿ. ಕುಲಲಾಂಛನವಿದ್ದರೆ ದೈಮ್ಯೋ ಎಂಬ ಪ್ರಾಂತೀಯ ದೊರೆಯ ಮುಖ್ಯ ನಿವಾಸ, ಕಪ್ಪು ಚೌಕವಿದ್ದರೆ ಎರಡನೆಯದು, ಕಪ್ಪು ಚುಕ್ಕಿಯಿದ್ದರೆ ಮೂರನೆಯದು. ಕೆಂಪು ಬಣ್ಣ ದೇವಾಲಯಗಳಿಗೆ, ಬೂದು ಬಣ್ಣ ಪಟ್ಟಣಿಗರ ಕೇರಿಗಳಿಗೆ. ಹಾಗಾಗಿ ಇಂಥ ನಕ್ಷೆಯನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದು, ನನ್ನ ಮಟ್ಟಿಗೆ, ಅದರ ಬಾಯಿ ಕಟ್ಟಿದಂತೆಯೇ. ಅದನ್ನು ಮೇಜಿನ ಮೇಲೆ ಸುತ್ತಲೂ ತಿರುಗಿಸುತ್ತ ಓದಬೇಕು.

ಮರುಮುದ್ರಣವನ್ನು ಅಲ್ಲೇ ಬಿಟ್ಟು, ಮೂಲೆಯನ್ನು ನಿಜವಾಗಿಯೂ ಹುಳು ತಿಂದಿದ್ದ ಅಸಾಕುಸಾ ಬಡಾವಣೆಯ ಹಾಳೆಯೊಂದನ್ನು ಅಂದು ಕೊಂಡುತಂದೆ. ಅದೀಗ ಆಮ್ಲರಹಿತ ಕಾಗದಗಳ ನಡುವೆ, ಬಿಸಿಲು ತಾಗದ ಕಪಾಟಿನಲ್ಲಿದೆ.