ಬೆಂಗಳೂರು ಎಸ್‌ಪಿ ರೋಡಲ್ಲಿ ಬ್ಯಾಟರಿ ಲೆಕ್ಕ ಹೇಳ್ಕೊಟ್ಟ ಅಣ್ಣಂಗೆ

ಅಣ್ಣಾ, ನಿಮ್ ಹೆಸರು ಕೇಳೋಷ್ಟ್ರಲ್ಲಿ ಹೊರಟೇಬಿಟ್ರಿ, ಅದಕ್ಕೆ ಇಲ್ಲೇ ಥ್ಯಾಂಕ್ಸ್ ಹೇಳ್ತಿದೀನಿ. ನಮ್ ಮೊದಲ್ನೇ ಫೈಟಿಂಗ್ ರೋಬೋ, ಒಟ್ಟು 8 ಕೆಜಿ ಲಿಮಿಟ್ಟು, ಅದರಲ್ಲಿ 2 ಕೆಜಿ ದಾಟೋ 12 ವೋಲ್ಟ್ ಯುಪಿಎಸ್ ಬ್ಯಾಟರಿ ಯಾಕ್ರೋ ಹೊರ್ತೀರಾ, ಆ ತೂಕ ವೆಪನ್‌ಗೆ ಹಾಕಿ ಅಂದ್ರಲ್ಲ, ಅಲ್ಲೇ ಅರ್ಧ ತಲೆನೋವು ಹೋಯ್ತು.

ಆಮೇಲೆ ಬಿಲ್ ಹಿಂದೆ ಗೀಚಿದ ಲೆಕ್ಕ ಇದ್ಯಲ್ಲ ಅದಂತೂ ಚಿನ್ನ: ಫೈಟ್ 3 ನಿಮಿಷ, ಸರಾಸರಿ 30 ಆಂಪ್ ಎಳೆದ್ರೆ ಖರ್ಚಾಗೋದು 1500 ಎಂಎಎಚ್, ಅದರ ಬದ್ಲು ಹಾಕೋ ಹಗುರ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರೀನ ಪೂರ್ತಿ ಖಾಲಿ ಮಾಡಂಗಿಲ್ಲ, ಸೋ 3ಎಸ್ (ಸಾಲಾಗಿ ಮೂರು ಸೆಲ್) 2200 ಎಂಎಎಚ್ ಪ್ಯಾಕ್ ಸಾಕು. 35ಸಿ ಅಂದ್ರೆ ಕೆಪಾಸಿಟಿಯ 35 ಪಟ್ಟು ಕರೆಂಟ್, ಲೇಬಲ್ ಪ್ರಕಾರ 77 ಆಂಪ್, ಆದ್ರೆ ಅದರಲ್ಲಿ ಅರ್ಧ ಮಾತ್ರ ನಂಬು ಅಂದ್ರಿ (ಅಂಗಡಿಯವ್ರ ಮುಖ ನೋಡ್ಬೇಕಿತ್ತು). ಮೋಟರ್ ಜಾಮ್ ಆದಾಗ ಕರೆಂಟ್ ಎಷ್ಟು ಏರುತ್ತೆ ಅಂತ ಮೊದ್ಲು ನೋಡಿ ಅಂತ ಹೇಳಿದ್ದೂ ನೀವೇ.

ಪ್ಯಾಕ್ ಸುತ್ತ ಫೋಮ್ ಹಾಕಿದೀವಿ, ಎಲ್ಲಾ ಸೆಲ್ಲೂ ಸಮವಾಗಿ ತುಂಬೋ ಬ್ಯಾಲೆನ್ಸ್ ಚಾರ್ಜರೂ ತಗೊಂಡ್ವಿ, ಸುಮ್ನೆ ಇಡೋವಾಗ ಸೆಲ್ಲಿಗೆ 3.8 ವೋಲ್ಟ್. ಊದ್ಕೊಂಡಿರೋ ಪ್ಯಾಕ್ ಮುಟ್ಟಲ್ಲ ಅಣ್ಣಾ, ಪ್ರಾಮಿಸ್.